ಸಾವಿನ ಸಾವು: ಜಾನ್ ಡನ್ನನ ಒಂದು ಸುನೀತ

೧

ಮರಣವನ್ನು ಕುರಿತ ಕವಿತೆಗಳಿಗೆ ಇಂಗ್ಲಿಷ್ ಸಾಹಿತ್ಯದಲ್ಲಿ ಕೊರತೆಯಿಲ್ಲ. ಅಗಲಿದ ಮಿತ್ರನಿಗಾಗಿ ಕಂಬನಿ ಮಿಡಿದ ಕವಿಗಳುಂಟು. ಹಳ್ಳಿಯ ಗೋರಿಗಳ ನಡುವೆ ನಿಂತು ಬಡವರ ಬಾಳನ್ನು ನೆನೆದವರುಂಟು. ಬಾಳಿನಲ್ಲಿ ಬೇಸತ್ತು ಸಾವನ್ನು ಸಖನೆಂದು ಕರೆದವರೂ ಉಂಟು. ಸಾವನ್ನು ಕಣ್ಣೆದುರಿಗೆ ನಿಲ್ಲಿಸಿಕೊಂಡು, ಜಂಬದ ಜಟ್ಟಿಯನ್ನು ಮೂದಲಿಸುವಂತೆ ಮೂದಲಿಸಿ, ಕೊನೆಗೆ ಆ ಸಾವಿಗೇ ಮರಣದಂಡನೆಯನ್ನು ವಿಧಿಸಿದ ಕವಿ ಜಾನ್ ಡನ್. ಅವನ ‘ಪವಿತ್ರ ಸುನೀತ’ಗಳಲ್ಲಿ ಹತ್ತನೆಯದೆಂದು ಬಹುಕಾಲದಿಂದ ಎಣಿಸಲ್ಪಟ್ಟಿರುವ ಈ ಕವಿತೆ ಪದ್ಯಸಂಕಲನಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತ ಬಂದಿದೆ. ಕನ್ನಡದಲ್ಲಿ ಪಾಠ ಹೇಳುವ, ಕನ್ನಡದಲ್ಲಿ ಪಾಠ ಕೇಳುವ ನಮ್ಮವರಲ್ಲಿ ಅನೇಕರಿಗೆ ಇದು ಪರಿಚಿತವೇ ಆಗಿದೆ.

ಆದರೆ ಪರಿಚಿತವಾದುದೆಲ್ಲ ಅರಿತದ್ದಾಗಿರಬೇಕೆಂದಿಲ್ಲ. ಈ ಸುನೀತದ ತಾತ್ಪರ್ಯವನ್ನು ಹೇಳಹೊರಟಾಗ ನಮ್ಮ ನಾಲಗೆಗೆ ತಾನಾಗಿ ಬರುವ ಮಾತೊಂದುಂಟು: ದೇಹ ನಶ್ವರ, ಆತ್ಮ ಅಮರ, ಆದುದರಿಂದ ಪ್ರಾಜ್ಞನಾದವನು ಸಾವಿಗೆ ಅಂಜುವುದಿಲ್ಲ. ಗೀತೆಯ ಎರಡನೆಯ ಅಧ್ಯಾಯವನ್ನು ಕೇಳಿ ಬೆಳೆದವರಿಗೆ ಈ ಮಾತು ಸಹಜವಾದುದು; ತನ್ನ ಸ್ಥಾನದಲ್ಲಿ ಅದು ಘನವಾದ ಮಾತೂ ಹೌದು. ಆದರೆ ಅದು ಡನ್ನನ ಮಾತಲ್ಲ. ಆತ್ಮದ ಅಮರತ್ವ ಬೇರೆ, ಸತ್ತವರ ಪುನರುತ್ಥಾನ ಬೇರೆ. ಎರಡನೆಯದರ ಸ್ಥಾನದಲ್ಲಿ ಮೊದಲನೆಯದನ್ನು ಕೂರಿಸಿ ಓದಿದರೆ ಈ ಸುನೀತದ ಕೊನೆಯ ಸಾಲು ಬರಿಯ ಮಾತಿನ ಚಮತ್ಕಾರವಾಗಿ ಉಳಿಯುತ್ತದೆ. ಕವಿತೆಯನ್ನು ಅದು ಹುಟ್ಟಿದ ಶ್ರದ್ಧೆಯ ಬೆಳಕಿನಲ್ಲಿ ಓದಿದರೆ ಏನು ಕಾಣುತ್ತದೆ, ಏನು ಕಾಣದೆ ಉಳಿಯುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ಕವಿಯ ಬಾಳಿನ ಬಗೆಗೆ ನಾಲ್ಕು ಮಾತು ಅಗತ್ಯ. ಡನ್ ಹುಟ್ಟಿದ್ದು ೧೫೭೨ರಲ್ಲಿ, ಲಂಡನ್ನಿನಲ್ಲಿ, ಒಂದು ಕ್ಯಾಥೊಲಿಕ್ ಮನೆತನದಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ಆ ಪಂಥವನ್ನು ಅನುಸರಿಸುವುದೇ ಅಪಾಯದ ಸಂಗತಿಯಾಗಿತ್ತು. ಅವನ ತಮ್ಮ ಹೆನ್ರಿ, ಒಬ್ಬ ಪಾದ್ರಿಗೆ ಮರೆಯಲ್ಲಿ ಆಶ್ರಯ ಕೊಟ್ಟ ಕಾರಣಕ್ಕಾಗಿ ಸೆರೆ ಸೇರಿ, ೧೫೯೩ರಲ್ಲಿ ಅಲ್ಲಿಯೇ ರೋಗಕ್ಕೆ ತುತ್ತಾದನು. ೧೬೦೧ರಲ್ಲಿ ಡನ್ ತನ್ನ ಒಡೆಯನ ಬಂಧುವರ್ಗಕ್ಕೆ ಸೇರಿದ ಆನ್ ಮೋರ್ ಎಂಬ ಕನ್ಯೆಯನ್ನು ಗುಟ್ಟಾಗಿ ಮದುವೆಯಾಗಿ ಉದ್ಯೋಗವನ್ನು ಕಳೆದುಕೊಂಡನು. ಆಮೇಲಿನ ಹಲವು ವರ್ಷಗಳು ಬಡತನದಲ್ಲಿಯೂ ಅನಾರೋಗ್ಯದಲ್ಲಿಯೂ ಕಳೆದವು. ಪವಿತ್ರ ಸುನೀತಗಳಲ್ಲಿ ಹೆಚ್ಚಿನವು ಈ ಕಾಲದವು, ಎಂದರೆ ಸುಮಾರು ೧೬೦೯ರಿಂದ ಈಚಿನ ಒಂದೆರಡು ವರ್ಷಗಳವು, ಎಂದು ವಿದ್ವಾಂಸರು ತಿಳಿಯುತ್ತಾರೆ. ಅವನು ಆಂಗ್ಲಿಕನ್ ಪಂಥದಲ್ಲಿ ದೀಕ್ಷೆ ಪಡೆದು ಪಾದ್ರಿಯಾದದ್ದು ೧೬೧೫ರಲ್ಲಿ. ಲಂಡನ್ನಿನ ಸಂತ ಪೌಲರ ಮಹಾದೇವಾಲಯದ ಡೀನನಾದದ್ದು ೧೬೨೧ರಲ್ಲಿ. ಹಾಗಾಗಿ ನಾವು ಓದುತ್ತಿರುವ ಸುನೀತ ವೇದಿಕೆಯ ಮೇಲೆ ನಿಂತ ಉಪದೇಶಕನ ವಾಣಿಯಲ್ಲ. ಮನೆ ತುಂಬ ಮಕ್ಕಳನ್ನೂ ಮೈ ತುಂಬ ಬೇನೆಯನ್ನೂ ಇಟ್ಟುಕೊಂಡ ಒಬ್ಬ ಗೃಹಸ್ಥನ ಮಾತು. ಸಾವು ಅವನಿಗೆ ಪುಸ್ತಕದ ವಸ್ತುವಾಗಿರಲಿಲ್ಲ.

ಡನ್ ತೀರಿಕೊಂಡ ಎರಡು ವರ್ಷಗಳ ಅನಂತರ, ೧೬೩೩ರಲ್ಲಿ, ಅವನ ಕವಿತೆಗಳು ಪುಸ್ತಕರೂಪದಲ್ಲಿ ಹೊರಬಂದವು. ಹದಿನೆಂಟನೆಯ ಶತಮಾನದಲ್ಲಿ ಡಾಕ್ಟರ್ ಜಾನ್ಸನ್ ಅವನನ್ನೂ ಅವನ ಹಾದಿಯಲ್ಲಿ ನಡೆದವರನ್ನೂ ‘ತಾತ್ತ್ವಿಕ ಕವಿ’ಗಳೆಂದು ಹೆಸರಿಸಿದಾಗ ಆ ಹೆಸರಿನಲ್ಲಿ ಮೆಚ್ಚುಗೆಗಿಂತ ಕೊಂಕು ಹೆಚ್ಚಾಗಿತ್ತು. ೧೯೧೨ರಲ್ಲಿ ಗ್ರೀಯರ್ಸನ್ನನ ಶುದ್ಧ ಪರಿಷ್ಕರಣವೂ ೧೯೨೧ರಲ್ಲಿ ಟಿ. ಎಸ್. ಎಲಿಯಟ್ಟನ ಲೇಖನವೂ ಬಂದಮೇಲೆ ಅವನ ಕೀರ್ತಿ ಮತ್ತೆ ಚಿಗುರಿತು. ಬುದ್ಧಿ ಮತ್ತು ಭಾವ ಇವೆರಡೂ ಒಂದೇ ಉಸಿರಿನಲ್ಲಿ ಕೆಲಸ ಮಾಡುವ ಕಾವ್ಯವೆಂದು ಅದನ್ನು ಈಗ ಎಲ್ಲರೂ ಕೊಂಡಾಡುತ್ತಾರೆ.

೩

ಇನ್ನು ಸುನೀತದೊಳಕ್ಕೆ ಬರೋಣ. ಅದರ ವಾದಸರಣಿಯನ್ನು ಗದ್ಯದಲ್ಲಿ ಹೀಗೆ ಸಂಗ್ರಹಿಸಬಹುದು. ಜನ ನಿನ್ನನ್ನು ಬಲಶಾಲಿಯೆಂದೂ ಭಯಂಕರನೆಂದೂ ಕರೆದಿರಬಹುದು, ನೀನು ಅಂಥವನಲ್ಲವೆಂದು ಕವಿ ಸಾವಿಗೆ ಹೇಳುತ್ತಾನೆ. ನೀನು ಕೆಡವಿದೆನೆಂದುಕೊಂಡವರು ಸತ್ತಿಲ್ಲ. ನನ್ನನ್ನು ಕೊಲ್ಲುವುದೂ ನಿನ್ನಿಂದಾಗದು. ನಿದ್ರೆ ವಿಶ್ರಾಂತಿಗಳು ನಿನ್ನ ಚಿತ್ರಗಳು ಮಾತ್ರ. ಚಿತ್ರದಿಂದಲೇ ಇಷ್ಟು ಸುಖವಾದರೆ ನಿನ್ನಿಂದ ಇನ್ನೂ ಹೆಚ್ಚು ಸುಖವಾಗಬೇಕು. ಒಳ್ಳೆಯವರೇ ಬೇಗನೆ ನಿನ್ನೊಡನೆ ಹೊರಡುತ್ತಾರೆ. ಅವರ ಎಲುಬುಗಳಿಗೆ ವಿಶ್ರಾಂತಿ, ಜೀವಕ್ಕೆ ಬಿಡುಗಡೆ. ನೀನಾದರೋ ವಿಧಿಗೆ, ಆಕಸ್ಮಿಕಕ್ಕೆ, ಅರಸರಿಗೆ, ಹತಾಶರಾದವರಿಗೆ ಅಡಿಯಾಳು. ವಿಷ, ಯುದ್ಧ, ರೋಗ ಇವು ನಿನ್ನ ನೆರೆಹೊರೆ. ನಿದ್ದೆ ಬರಿಸುವ ಕೆಲಸವನ್ನು ಅಫೀಮೂ ಮಾಟಮಂತ್ರವೂ ನಿನಗಿಂತ ಚೆನ್ನಾಗಿ ಮಾಡುತ್ತವೆ. ಹೀಗಿರುವಾಗ ಉಬ್ಬುವುದೇಕೆ? ಇಷ್ಟಾದಮೇಲೆ ಕೊನೆಯ ಎರಡು ಸಾಲುಗಳು ಬರುತ್ತವೆ. ಒಂದು ಸಣ್ಣ ನಿದ್ದೆ ಮುಗಿಯುತ್ತಲೇ ನಾವು ಎಂದೆಂದಿಗೂ ಎಚ್ಚತ್ತಿರುವೆವು. ಆಗ ಸಾವೆಂಬುದೇ ಇಲ್ಲವಾಗುವುದು. ಸಾಯತಕ್ಕದ್ದು ಸಾವೇ ಎಂಬುದು ಅವುಗಳ ಅಭಿಪ್ರಾಯ.

ಮೊದಲ ಹನ್ನೆರಡು ಸಾಲುಗಳ ಈ ವಾದಗಳು ನಮ್ಮ ತಾರ್ಕಿಕರ ಕೈಗೆ ಸಿಕ್ಕಿದರೆ ಒಂದೊಂದೂ ಹೇತ್ವಾಭಾಸವೆನಿಸಿಕೊಳ್ಳುತ್ತವೆ. ಗೋಡೆಯ ಮೇಲಿನ ಹುಲಿಯ ಚಿತ್ರ ಕಣ್ಣಿಗೆ ಹಬ್ಬವಾದರೆ ಕಾಡಿನ ಹುಲಿಯೂ ಹಬ್ಬವಾಗಬೇಕೆ? ನಿದ್ದೆ ನಮಗೆ ಪ್ರಿಯವಾಗಿರುವುದು ಬೆಳಗಾದಾಗ ಏಳುತ್ತೇವೆಂಬ ಭರವಸೆಯಿಂದ; ಏಳುವುದಿಲ್ಲವೆಂದು ಖಚಿತವಾದ ರಾತ್ರಿ ಯಾರು ತಾನೆ ಸುಖವಾಗಿ ಹಾಸಿಗೆ ಹಾಸಿಕೊಂಡಾರು? ಅರಸನ ಆಳೆಂದ ಮಾತ್ರಕ್ಕೆ ತಲೆ ಕಡಿಯುವವನ ಕತ್ತಿ ಮೊಂಡಾಗುವುದಿಲ್ಲ. ಮೇಲಾಗಿ ಈ ವಾದಗಳು ಒಂದಕ್ಕೊಂದು ಹೊಂದುವುದೂ ಇಲ್ಲ. ಸುಖವನ್ನೂ ಬಿಡುಗಡೆಯನ್ನೂ ಕೊಡುವ ಉಪಕಾರಿಯೆಂದು ಹೊಗಳಿದ ಬಾಯಿಯೇ ಮರುಕ್ಷಣದಲ್ಲಿ ವಿಷರೋಗಗಳ ಜೊತೆಗಾರನೆಂದು ಹಳಿಯುತ್ತದೆ. ಅದು ಉಪಕಾರಿಯಾಗಿದ್ದರೆ ಕೊನೆಯಲ್ಲಿ ಕೊಲ್ಲುವುದೇಕೆ?

ಇದನ್ನು ದೋಷವೆಂದು ಎಣಿಸಿದ ವಿಮರ್ಶಕರುಂಟು. ನಮಗೆ ಹಾಗೆ ತೋರುವುದಿಲ್ಲ. ಈ ಹನ್ನೆರಡು ಸಾಲುಗಳಲ್ಲಿರುವ ಮಾತುಗಳಲ್ಲಿ ಬಹುಪಾಲು ಕ್ರೈಸ್ತರ ಸ್ವಂತ ಸೊತ್ತಲ್ಲ. ಸಾವೆಂದರೆ ಕನಸಿಲ್ಲದ ನಿದ್ರೆಯಾಗಿರಬಹುದೆಂದು ಸಾಕ್ರಟೀಸನು ನ್ಯಾಯಾಧಿಪತಿಗಳ ಮುಂದೆ ಹೇಳಿದ್ದನು. ಸಾವು ಅಂಜತಕ್ಕ ವಸ್ತುವಲ್ಲವೆಂದು ರೋಮಿನ ಸ್ಟೋಯಿಕ್ ಚಿಂತಕರು ಬಗೆಬಗೆಯಾಗಿ ಬೋಧಿಸಿದ್ದರು. ಮನುಷ್ಯನು ತನ್ನ ಬುದ್ಧಿಯ ಬಲದಿಂದ ತನಗೆ ತಾನೇ ಹೇಳಿಕೊಂಡ ಸಮಾಧಾನಗಳಿವು. ಇವೆಲ್ಲವೂ ಸಾವು ಚಿಕ್ಕದೆಂದು ಹೇಳಬಲ್ಲವು. ಸಾವು ಮುಗಿಯುತ್ತದೆಂದು ಹೇಳಲಾರವು. ಡನ್ ಅವನ್ನು ಒಂದೊಂದಾಗಿ, ತುಸು ಅವಸರದಿಂದಲೇ, ಎತ್ತಿಕೊಂಡು ಬಿಸಾಡುತ್ತಾನೆ. ಕೊನೆಯ ಎರಡು ಸಾಲುಗಳಿಗೆ ಬಂದಾಗ ಮಾತ್ರ ಅವನ ಕಾಲಿಗೆ ಬೇರೊಂದು ನೆಲ ಸಿಗುತ್ತದೆ. ಅಲ್ಲಿ ವಾದವಿಲ್ಲ, ವಾಗ್ದಾನವಿದೆ. ಎಚ್ಚರದ ಮಾತು ಬಂದಮೇಲೆ ಹಿಂದಿನ ನಿದ್ದೆಯ ಮಾತಿಗೂ ಅರ್ಥ ಬರುತ್ತದೆ. ಅಡಿಪಾಯವು ಮನೆಯ ಮೇಲ್ತುದಿಯಲ್ಲಿರುವ ವಿಚಿತ್ರ ಕಟ್ಟಡವಿದು.

ರಸದ ದೃಷ್ಟಿಯಿಂದ ನೋಡಿದರೂ ಇದು ಸ್ಪಷ್ಟವಾಗುತ್ತದೆ. ಮೇಲುನೋಟಕ್ಕೆ ಇಲ್ಲಿರುವುದು ವೀರ; ಎದುರಾಳಿಯನ್ನು ಹೆಸರು ಹಿಡಿದು ಕೂಗಿ, ಏಕವಚನದಿಂದ ಹೀಯಾಳಿಸುವ ಉತ್ಸಾಹ. ಆದರೆ ಆ ಕೂಗಿನ ಕೆಳಗೆ ಭಯಾನಕದ ಒಂದು ಎಳೆ ಮಿಡಿಯುತ್ತಿದೆ. ಅಂಜದವನು ಇಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ. ಕತ್ತಲೆಯ ದಾರಿಯಲ್ಲಿ ಒಬ್ಬನೇ ನಡೆಯುವವನು ಏರುದನಿಯಲ್ಲಿ ಹಾಡಿಕೊಳ್ಳುವುದನ್ನು ಕೇಳಿದವರು ಈ ಸುನೀತದ ಮೊದಲ ಸಾಲುಗಳ ದನಿಯನ್ನು ಗುರುತಿಸಬಲ್ಲರು. ಕೊನೆಯಲ್ಲಿ ದನಿ ಇಳಿದು ಶಾಂತವನ್ನು ಸೋಕುತ್ತದೆ.

೪

ಡನ್ನನಿಗೆ ಸಿಕ್ಕಿದ ಆ ಬೇರೆಯ ನೆಲ ಯಾವುದು? ಸಂತ ಪೌಲನು ಗ್ರೀಸಿನ ಕೊರಿಂಥ ನಗರದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಹದಿನೈದನೆಯ ಅಧ್ಯಾಯವೇ ಅದು. ಕ್ರಿಸ್ತಶಕ ಒಂದನೆಯ ಶತಮಾನದ ಐವತ್ತರ ದಶಕದಲ್ಲಿ ಹುಟ್ಟಿದ ಪತ್ರವದು. ಸತ್ತವರು ಏಳುವುದೆಂದರೇನು, ಅದು ಆಗದ ಮಾತು ಎನ್ನುವವರು ಆ ಸಭೆಯಲ್ಲಿಯೇ ಇದ್ದರು. ಗ್ರೀಕರಿಗೆ ಆತ್ಮದ ಅಮರತ್ವ ಹೊಸ ವಿಚಾರವೇನೂ ಆಗಿರಲಿಲ್ಲ. ಪ್ಲೇಟೋ ಅದನ್ನು ಪ್ರತಿಪಾದಿಸಿ ನಾಲ್ಕು ಶತಮಾನಗಳು ಕಳೆದಿದ್ದವು. ಅವರಿಗೆ ನಗೆ ಬಂದದ್ದು ದೇಹದ ಪುನರುತ್ಥಾನದ ಮಾತಿಗೆ. ಅಥೆನ್ಸಿನಲ್ಲಿ ಪೌಲನು ಈ ಮಾತನ್ನೆತ್ತಿದಾಗ ಕೇಳುಗರಲ್ಲಿ ಕೆಲವರು ಗೇಲಿ ಮಾಡಿದರೆಂದು ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಎರಡು ನಂಬಿಕೆಗಳು ಒಂದೇ ಆಗಿದ್ದರೆ ಅವರು ನಗುತ್ತಿರಲಿಲ್ಲ. ಆಗಲೇ ತಿಳಿದಿದ್ದ ಮಾತೆಂದು ತಲೆದೂಗುತ್ತಿದ್ದರು.

ಪೌಲನ ಉತ್ತರದಲ್ಲಿ ಮೂರು ಅಂಶಗಳಿವೆ. ಕ್ರಿಸ್ತನು ಸತ್ತವರೊಳಗಿಂದ ಎದ್ದಿದ್ದಾನೆ. ಇದು ಸುಳ್ಳಾದರೆ ನಮ್ಮ ನಂಬಿಕೆಯೆಲ್ಲ ವ್ಯರ್ಥ ಎಂಬುದು ಮೊದಲನೆಯದು. ಅವನು ಎದ್ದದ್ದು ಬೆಳೆಯ ಪ್ರಥಮಫಲದಂತೆ. ಮಿಕ್ಕ ಬೆಳೆಯೂ ಹಿಂದೆಯೇ ಬರತಕ್ಕದ್ದು. ಬಿತ್ತಿದ ಕಾಳು ಸಾಯದೆ ಜೀವ ತಾಳುವುದಿಲ್ಲ. ಬಿತ್ತಿದ್ದು ಬರಿಯ ಕಾಳು, ಮೇಲೇಳುವುದು ಬೇರೆಯೇ ಮೈಯುಳ್ಳ ಪೈರು ಎಂಬುದು ಎರಡನೆಯದು. ಎಲ್ಲ ಶತ್ರುಗಳನ್ನೂ ಗೆದ್ದಮೇಲೆ ಕಡೆಯದಾಗಿ ನಿವೃತ್ತಿಯಾಗುವ ಶತ್ರು ಮರಣ ಎಂಬುದು ಮೂರನೆಯದು. ಇಲ್ಲಿ ‘ಶತ್ರು’ ಎಂಬ ಪದವನ್ನು ಗಮನಿಸಬೇಕು. ಮರಣವು ಮಾಯೆಯಲ್ಲ, ಹಳೆಯ ಬಟ್ಟೆಯನ್ನು ಕಳಚುವಷ್ಟು ಸುಲಭದ ವ್ಯಾಪಾರವಲ್ಲ, ಮುಕ್ತಿಯ ಬಾಗಿಲೂ ಅಲ್ಲ. ಅದು ದೇವರ ಸೃಷ್ಟಿಯೊಳಕ್ಕೆ ನುಗ್ಗಿದ ಹಗೆ. ಲಾಜರನ ಸಮಾಧಿಯ ಬಳಿ ಯೇಸು ಕಣ್ಣೀರು ಸುರಿಸಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಇನ್ನೊಂದು ಗಳಿಗೆಯಲ್ಲಿ ಅವನನ್ನು ಎಬ್ಬಿಸಲಿರುವವನು ಅಳುವುದೇಕೆ? ಗೆಲ್ಲುವುದು ಖಚಿತವಾಗಿದ್ದರೂ ಹಗೆ ಹಗೆಯೇ ಎಂಬುದೇ ಅದಕ್ಕೆ ಉತ್ತರ.

ಅದೇ ಯೇಸು ಲಾಜರನು ನಿದ್ರಿಸುತ್ತಿದ್ದಾನೆಂದೂ ಹೇಳಿದ್ದನು. ಕ್ರೈಸ್ತರು ತಮ್ಮ ಶವಗಳನ್ನು ಹೂಳುವ ಸ್ಥಳವನ್ನು ಗ್ರೀಕ್ ಭಾಷೆಯಲ್ಲಿ ‘ಮಲಗುವ ಮನೆ’ ಎಂಬರ್ಥದ ಹೆಸರಿನಿಂದ ಕರೆದರು. ಇಂಗ್ಲಿಷಿನ ‘ಸೆಮೆಟ್ರಿ’ ಎಂಬ ಪದ ಅದರಿಂದಲೇ ಬಂದುದು. ಒಂದೇ ಸಾವು ಶತ್ರುವೂ ಹೌದು, ನಿದ್ರೆಯೂ ಹೌದು. ಸುನೀತದಲ್ಲಿ ನಾವು ಕಂಡ ವಿರೋಧ ಕವಿಯ ಅಜಾಗರೂಕತೆಯಿಂದ ಬಂದುದಲ್ಲ. ಅದು ಅವನ ಶ್ರದ್ಧೆಯೊಳಗೇ ಇರುವ ವಿರೋಧ. ಎಬ್ಬಿಸುವವನೊಬ್ಬನಿದ್ದಾನೆಂಬ ಕಾರಣಕ್ಕೆ ಸಾವು ನಿದ್ರೆಯಾಗುತ್ತದೆ. ಎಬ್ಬಿಸಬೇಕಾದ ದುರವಸ್ಥೆಯನ್ನು ತಂದದ್ದರಿಂದ ಅದು ಶತ್ರುವಾಗಿ ಉಳಿಯುತ್ತದೆ. ಬೈಬಲಿನ ಕೊನೆಯ ಗ್ರಂಥವಾದ ‘ಪ್ರಕಟನೆ’ಯಲ್ಲಿ ಮರಣವನ್ನೂ ಮೃತರ ಲೋಕವನ್ನೂ ಬೆಂಕಿಯ ಕೆರೆಗೆ ದೊಬ್ಬುವ ದೃಶ್ಯವಿದೆ. ಡನ್ನನ ಕೊನೆಯ ಸಾಲಿನ ಹಿಂದೆ ಆ ಬೆಂಕಿ ಉರಿಯುತ್ತಿದೆ.

೫

ಈಗ ನಮ್ಮ ಕಡೆಗೆ ತಿರುಗೋಣ. ಈ ಸುನೀತವನ್ನು ಕನ್ನಡಿಸಹೊರಟವನಿಗೆ ಮೊದಲ ಪದದಲ್ಲಿಯೇ ತೊಡಕು. ‘ಸಾವೇ’ ಎಂದು ಕರೆಯಬೇಕೆ, ‘ಮೃತ್ಯುವೇ’ ಎನ್ನಬೇಕೆ, ‘ಯಮನೇ’ ಎಂದರೆ ಹೇಗೆ? ಯಮನೆಂದರೆ ಮಾತು ರಂಗೇರುತ್ತದೆ, ನಿಜ. ಆದರೆ ಕವಿತೆ ಕೆಡುತ್ತದೆ. ನಮ್ಮ ಯಮನು ಧರ್ಮರಾಜ. ದಕ್ಷಿಣ ದಿಕ್ಕಿನ ಪಾಲಕ. ಒಪ್ಪಿಸಿದ ಕೆಲಸವನ್ನು ಪಕ್ಷಪಾತವಿಲ್ಲದೆ ಮಾಡುವ ಅಧಿಕಾರಿ. ಕಠೋಪನಿಷತ್ತಿನಲ್ಲಿ ಅವನು ನಚಿಕೇತನಿಗೆ ಗುರುವಾಗುತ್ತಾನೆ. ಸಾವಿತ್ರಿಯ ಮಾತಿಗೆ ಮೆಚ್ಚಿ ವರಗಳನ್ನು ಕೊಟ್ಟು ಗಂಡನನ್ನು ಹಿಂತಿರುಗಿಸುತ್ತಾನೆ. ಅವನನ್ನು ವಿಷರೋಗಗಳ ನೆರೆಯವನೆಂದು ಹೀಯಾಳಿಸಿದರೆ ಕೇಳುವವರಿಗೆ ಕಸಿವಿಸಿಯಾಗುತ್ತದೆ.

ಮಾರ್ಕಂಡೇಯನ ಕಥೆ ಡನ್ನನ ಸುನೀತಕ್ಕೆ ಸ್ವಲ್ಪ ಹತ್ತಿರ ಬರುತ್ತದೆ. ಅಲ್ಲಿ ಶಿವನು ಲಿಂಗದಿಂದ ಹೊರಬಂದು ಕಾಲನನ್ನು ಒದೆಯುತ್ತಾನೆ, ಮೃತ್ಯುಂಜಯನೆನಿಸಿಕೊಳ್ಳುತ್ತಾನೆ. ಆದರೂ ಕಥೆಯ ಕೊನೆಯಲ್ಲಿ ಯಮನು ತನ್ನ ಪದವಿಗೆ ಹಿಂತಿರುಗಲೇಬೇಕು. ಇಲ್ಲವಾದರೆ ಲೋಕ ನಡೆಯದು. ಮಾರ್ಕಂಡೇಯನೊಬ್ಬನು ಸಾವಿನಿಂದ ಉಳಿದನು, ಸಾವು ಉಳಿಯಿತು. ಬುದ್ಧನು ಕಿಸಾಗೋತಮಿಗೆ ಸಾವಿಲ್ಲದ ಮನೆಯ ಸಾಸಿವೆಯನ್ನು ತರಹೇಳಿದ್ದು, ಸಾವು ಎಲ್ಲ ಮನೆಗಳಿಗೂ ಸಮಾನವೆಂಬ ತಿಳಿವಿನಲ್ಲಿ ಅವಳ ದುಃಖವನ್ನು ಶಮನ ಮಾಡುವುದಕ್ಕಾಗಿ. ನಮ್ಮ ಶರಣರು ಮರಣವನ್ನು ಹಬ್ಬವೆಂದು ಎದುರುಗೊಂಡರು. ಸಾವಿನೊಡನೆ ಸಂವಾದ, ಸಾವಿಗೆ ಸಮ್ಮತಿ, ಸಾವನ್ನು ದಾಟಿ ಹೋಗುವಿಕೆ ಇವು ನಮ್ಮ ಪರಂಪರೆಯ ಹಾದಿಗಳು. ಸಾವನ್ನೇ ಇಲ್ಲವಾಗಿಸುವ ಒಂದು ಕಡೆಯ ದಿನದ ಕಲ್ಪನೆ ಕ್ರೈಸ್ತರದು. ಕಾಲವು ಚಕ್ರವೆಂದು ತಿಳಿದವರಿಗೆ ಅಂಥ ದಿನ ಅಪರಿಚಿತ. ಕಾಲವು ಒಂದೇ ದಿಕ್ಕಿಗೆ ಹರಿದು ಒಂದು ತುದಿಯನ್ನು ಮುಟ್ಟುತ್ತದೆಂದು ನಂಬಿದವರಿಗೆ ಅದು ಅನಿವಾರ್ಯ. ಇವುಗಳಲ್ಲಿ ಯಾವುದು ಮೇಲು ಯಾವುದು ಕೀಳು ಎಂದು ತೀರ್ಮಾನಿಸುವುದು ವಿಮರ್ಶಕನ ಕೆಲಸವಲ್ಲ. ಒಂದನ್ನು ಇನ್ನೊಂದೆಂದು ತಿಳಿಯದಂತೆ ನೋಡಿಕೊಳ್ಳುವುದು ಅವನ ಕೆಲಸ.

ಭಾಷೆ ಇಲ್ಲಿ ನಮಗೆ ನೆರವಾಗುತ್ತದೆ. ಕನ್ನಡ ಬೈಬಲಿನ ‘ಪುನರುತ್ಥಾನ’ ಎಂಬ ಪದವನ್ನು ಬಿಡಿಸಿ ನೋಡಿದರೆ ಮತ್ತೆ ಎದ್ದುನಿಲ್ಲುವಿಕೆ ಎಂದಾಗುತ್ತದೆ. ಗ್ರೀಕ್ ಮೂಲದ ‘ಅನಾಸ್ತಾಸಿಸ್’ ಎಂಬುದಕ್ಕೂ ಎದ್ದುನಿಲ್ಲುವುದೆಂದೇ ಅರ್ಥ. ನಮ್ಮ ಮಕ್ಕಳಿಗೆ ‘ಉತ್ಥಾನ ದ್ವಾದಶಿ’ ಗೊತ್ತು. ಯೋಗನಿದ್ರೆಯಿಂದ ವಿಷ್ಣುವು ಏಳುವ ಆ ದಿನ ತುಳಸಿಯ ಪೂಜೆ ನಡೆಯುತ್ತದೆ. ನಿದ್ರೆ ಮತ್ತು ಏಳುವಿಕೆ ಎಂಬ ಎರಡು ಭಾವಗಳೂ ಆ ಪದದಲ್ಲಿ ಕೂಡಿವೆ. ಇದನ್ನು ಹೇಳಿ, ಕೂಡಲೇ ವ್ಯತ್ಯಾಸವನ್ನೂ ಹೇಳಬಹುದು: ವಿಷ್ಣುವಿನ ಉತ್ಥಾನ ವರ್ಷವರ್ಷವೂ ಬರುತ್ತದೆ, ಕ್ರೈಸ್ತರ ಪುನರುತ್ಥಾನ ಒಂದೇ ಸಲ, ಮತ್ತೆ ಮಲಗುವುದಕ್ಕಲ್ಲ. ಇನ್ನು ‘ಪುನರ್ಜನ್ಮ’ವೆಂಬ ಪದವನ್ನಂತೂ ಇಲ್ಲಿ ಬಳಸಲೇಕೂಡದು. ಹೊಸ ಗರ್ಭದಲ್ಲಿ ಹೊಸ ಹೆಸರಿನಿಂದ ಹುಟ್ಟುವುದು ಪುನರ್ಜನ್ಮ. ಅದೇ ವ್ಯಕ್ತಿ, ಅದೇ ಹೆಸರಿನಿಂದ, ಮಾರ್ಪಟ್ಟ ದೇಹದಲ್ಲಿ ಏಳುವುದು ಪುನರುತ್ಥಾನ.

೬

ದೇಹದ ಮೇಲಣ ಈ ಒತ್ತನ್ನು ಮರೆತರೆ ಡನ್ನನ ಬೇರೆ ಕವಿತೆಗಳೂ ಅರ್ಥವಾಗುವುದಿಲ್ಲ. ಪವಿತ್ರ ಸುನೀತಗಳಲ್ಲಿ ಏಳನೆಯದೆಂದು ಎಣಿಸಲ್ಪಡುವ ಕವಿತೆಯಲ್ಲಿ ಅವನು ದುಂಡಾದ ಭೂಮಿಗೆ ನಾಲ್ಕು ಮೂಲೆಗಳನ್ನು ಕಲ್ಪಿಸಿ, ಅಲ್ಲಿ ನಿಂತು ಕಹಳೆಯೂದಿರೆಂದು ದೇವದೂತರಿಗೆ ಆಜ್ಞಾಪಿಸುತ್ತಾನೆ. ಲೆಕ್ಕವಿಲ್ಲದಷ್ಟು ಜೀವಗಳು ಎದ್ದು, ಚದುರಿಹೋದ ತಮ್ಮ ತಮ್ಮ ಮೈಗಳನ್ನು ಹುಡುಕಿಕೊಂಡು ಹೊರಡುತ್ತವೆ. ಜಲಪ್ರಳಯದಲ್ಲಿ ಮುಳುಗಿದವರು, ಯುದ್ಧದಲ್ಲಿ ಮಡಿದವರು, ಬರಕ್ಕೆ, ಮುಪ್ಪಿಗೆ, ಚಳಿಜ್ವರಕ್ಕೆ, ದೊರೆಗಳ ಕ್ರೌರ್ಯಕ್ಕೆ, ನಿರಾಶೆಗೆ ಬಲಿಯಾದವರು ಎಲ್ಲರೂ ಆ ಗುಂಪಿನಲ್ಲಿದ್ದಾರೆ. ಹತ್ತನೆಯ ಸುನೀತದಲ್ಲಿ ಸಾವಿನ ನೆರೆಹೊರೆಯೆಂದು ಅವಸರದಲ್ಲಿ ಹೆಸರಿಸಿದವುಗಳು ಇಲ್ಲಿ ಮನುಷ್ಯರ ಮುಖಗಳನ್ನು ತಳೆದು ಬರುತ್ತವೆ. ಎಂಟು ಸಾಲುಗಳ ತನಕ ಅದ್ಭುತ ರಸದ ಪ್ರವಾಹ.

ಒಂಬತ್ತನೆಯ ಸಾಲಿನಲ್ಲಿ ಕವಿ ತಟ್ಟನೆ ನಿಲ್ಲುತ್ತಾನೆ. ಪ್ರಭುವೇ, ಅವರು ಇನ್ನಷ್ಟು ಕಾಲ ಮಲಗಿರಲಿ, ನಾನು ಸ್ವಲ್ಪ ಅಳುತ್ತೇನೆ. ನನ್ನ ಪಾಪಗಳು ಅವರೆಲ್ಲರ ಪಾಪಗಳಿಗಿಂತ ಮಿಗಿಲಾಗಿದ್ದರೆ ಆ ದಿನ ನಿನ್ನ ಕೃಪೆಯನ್ನು ಬೇಡಲು ಹೊತ್ತು ಮೀರಿರುತ್ತದೆ. ಈ ತಗ್ಗಿನ ನೆಲದ ಮೇಲೆಯೇ ಪಶ್ಚಾತ್ತಾಪವನ್ನು ಕಲಿಸು ಎಂದು ಬೇಡುತ್ತಾನೆ. ಸಾವಿನ ಮುಂದೆ ಗರ್ಜಿಸಿದವನು ಇಲ್ಲಿ ಪುನರುತ್ಥಾನದ ಮುಂದೆ ನಡುಗುತ್ತಾನೆ. ಏಕೆಂದರೆ ಏಳುವುದೆಂದರೆ ನ್ಯಾಯಾಸನದ ಎದುರಿಗೆ ಏಳುವುದು. ಪುನರುತ್ಥಾನದ ನಂಬಿಕೆ ದುಃಖಿತರಿಗೆ ಕೊಡುವ ಸಿಹಿಮದ್ದು ಮಾತ್ರವೆಂದು ತಿಳಿದವರು ಈ ಎರಡು ಸುನೀತಗಳನ್ನು ಜೊತೆಯಾಗಿ ಓದಬೇಕು. ನಮ್ಮ ಅಭಿಪ್ರಾಯದಲ್ಲಿ ಏಳನೆಯದೇ ಹೆಚ್ಚಿನ ಕವಿತೆ. ಹತ್ತನೆಯದರಲ್ಲಿ ಭಯವನ್ನು ದನಿಯ ಏರಿನಿಂದ ಮುಚ್ಚಲಾಗಿದೆ. ಏಳನೆಯದರಲ್ಲಿ ಅದನ್ನು ಬಾಯಿಬಿಟ್ಟು ಹೇಳಿ, ಹೇಳಿದ್ದರಿಂದಲೇ ದಾಟಲಾಗಿದೆ.

ಪ್ರೇಮಕವಿತೆಯಲ್ಲಿಯೂ ಈ ನಂಬಿಕೆ ಅವನನ್ನು ಬಿಡುವುದಿಲ್ಲ. ಪವಿತ್ರ ಅವಶೇಷಗಳನ್ನು ಕುರಿತ ಒಂದು ಕವಿತೆಯಲ್ಲಿ, ತನ್ನ ಗೋರಿಯನ್ನು ಮತ್ತೆ ಅಗೆದವನಿಗೆ ಮುಂಗೈ ಎಲುಬನ್ನು ಸುತ್ತಿದ ನಲ್ಲೆಯ ಕೂದಲಿನ ಬಳೆ ಕಾಣುವುದೆನ್ನುತ್ತಾನೆ. ಕಡೆಯ ದಿನದ ಗಡಿಬಿಡಿಯಲ್ಲಿ ಅವಳ ಜೀವ ತನ್ನ ಕೂದಲನ್ನು ಹುಡುಕಿಕೊಂಡು ಇಲ್ಲಿಗೆ ಬಂದೇ ಬರುವುದು, ಆಗ ಒಂದು ಕ್ಷಣ ಇಬ್ಬರೂ ಸೇರಬಹುದು ಎಂಬುದು ಆ ಬಳೆಯ ಉಪಾಯ. ನಗೆಯೂ ನೋವೂ ಬೆರೆತ ಕಲ್ಪನೆಯಿದು. ೧೬೨೭ರಲ್ಲಿ ಒಂದು ಮದುವೆಯ ಸಂದರ್ಭದಲ್ಲಿ ಮಾಡಿದ ಪ್ರವಚನದಲ್ಲಿಯೂ, ಗುಂಡೇಟಿನಿಂದ ಪುಡಿಯಾಗಿ ಗಾಳಿಯಲ್ಲಿ ಚದುರಿದ ಎಲುಬಿನ ಚೂರುಗಳೆಲ್ಲಿ ಎಂದು ಕೇಳಿ, ಯಾವ ಕಣ ಎಲ್ಲಿದೆಯೆಂಬುದು ದೇವರಿಗೆ ಗೊತ್ತಿದೆಯೆಂದು ಸಾರುತ್ತಾನೆ. ಮದುವೆಯ ಮನೆಯಲ್ಲಿ ಇಂಥ ಮಾತೇ ಎಂದು ನಮಗೆ ಅಚ್ಚರಿಯಾಗಬಹುದು. ಪ್ರೀತಿಸಿದ ಮೈಯ ಒಂದು ಕೂದಲೂ ಕಳೆದುಹೋಗಬಾರದೆಂಬ ಹಂಬಲವೇ ಈ ನಂಬಿಕೆಯ ಮಾನುಷ ಮುಖ. ಡನ್ನನ ಹೆಂಡತಿ ಆನ್ ತನ್ನ ಹನ್ನೆರಡನೆಯ ಹೆರಿಗೆಯಾದ ಕೆಲವೇ ದಿನಗಳಲ್ಲಿ, ೧೬೧೭ರಲ್ಲಿ, ತೀರಿಕೊಂಡಿದ್ದಳು.

೭

ರೋಗಶಯ್ಯೆಯಲ್ಲಿ ದೇವರನ್ನು ಕುರಿತು ಅವನು ರಚಿಸಿದ ಸ್ತೋತ್ರವೊಂದಿದೆ. ತನ್ನನ್ನು ಪರೀಕ್ಷಿಸುವ ವೈದ್ಯರು ಭೂಗೋಳಜ್ಞರಾದರೆಂದೂ ಮಂಚದ ಮೇಲೆ ಅಂಗಾತ ಮಲಗಿದ ತಾನು ಅವರ ಭೂಪಟವಾದೆನೆಂದೂ ಅಲ್ಲಿ ಹೇಳುತ್ತಾನೆ. ಚಪ್ಪಟೆ ಭೂಪಟದಲ್ಲಿ ಪಶ್ಚಿಮದ ಅಂಚೂ ಪೂರ್ವದ ಅಂಚೂ ಒಂದೇ. ಹಾಗೆಯೇ ಸಾವು ಪುನರುತ್ಥಾನವನ್ನು ಮುಟ್ಟುತ್ತದೆ ಎಂಬುದು ಆ ರೂಪಕದ ಸಾರ. ಇದನ್ನು ತರಗತಿಯಲ್ಲಿ ವಿವರಿಸುವುದು ಸುಲಭ. ಗೋಡೆಯ ಮೇಲಿನ ಭೂಪಟವನ್ನು ಕೆಳಗಿಳಿಸಿ ಕೊಳವೆಯಂತೆ ಸುತ್ತಿ, ಎರಡು ಅಂಚುಗಳನ್ನೂ ಕೂಡಿಸಿ ತೋರಿಸಿದರೆ ಸಾಕು. ಸೂರ್ಯ ಮುಳುಗುವ ಅಂಚೇ ಸೂರ್ಯ ಹುಟ್ಟುವ ಅಂಚಾಗುತ್ತದೆ. ಅವನ ‘ತಾತ್ತ್ವಿಕ’ ಚಮತ್ಕಾರವೆಂದರೆ ಹೀಗೆ: ಮೊದಲು ವಿಲಕ್ಷಣವೆನಿಸಿ, ಬಿಚ್ಚಿ ನೋಡಿದಾಗ ಕರಾರುವಾಕ್ಕಾಗಿರುವುದು.

ಆ ಅಂಚುಗಳ ನಡುವಣ ಅಂತರವೆಷ್ಟು ಎಂಬ ಪ್ರಶ್ನೆ ಹತ್ತನೆಯ ಸುನೀತದ ಪಾಠಶೋಧನೆಯಲ್ಲಿಯೂ ಬರುತ್ತದೆ. ಕೊನೆಯ ಸಾಲಿನ ನಡುವೆ ಕೆಲವು ಮುದ್ರಣಗಳಲ್ಲಿ ಅರ್ಧವಿರಾಮವೂ ತುದಿಯಲ್ಲಿ ಉದ್ಗಾರ ಚಿಹ್ನೆಯೂ ಇವೆ. ಬೇರೆ ಕೆಲವದರಲ್ಲಿ ನಡುವೆ ಬರಿಯ ಅಲ್ಪವಿರಾಮ. ಅಮೆರಿಕದ ಮಾರ್ಗರೆಟ್ ಎಡ್ಸನ್ ಎಂಬ ಲೇಖಕಿಯ ‘ವಿಟ್’ ನಾಟಕ ೧೯೯೫ರಲ್ಲಿ ಮೊದಲು ಪ್ರಯೋಗವಾಗಿ ೧೯೯೯ರಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆಯಿತು. ಅದರ ನಾಯಕಿ ಡನ್ನನನ್ನು ಬಾಳೆಲ್ಲ ಬೋಧಿಸಿದ ಪ್ರಾಧ್ಯಾಪಕಿ. ಈಗ ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಳೆ. ಇಹದ ಬಾಳಿಗೂ ನಿತ್ಯವಾದ ಬಾಳಿಗೂ ನಡುವೆ ಇರುವುದು ಒಂದು ಅಲ್ಪವಿರಾಮವಷ್ಟೇ ಎಂಬ ಅರ್ಥದಲ್ಲಿ ಅವಳ ಗುರು ಹಿಂದೊಮ್ಮೆ ವಿವರಿಸಿದ್ದಳು. ಆಗ ಅದು ಪಾಂಡಿತ್ಯದ ಮಾತಾಗಿತ್ತು. ಹಾಸಿಗೆ ಹಿಡಿದಮೇಲೆ ಪಾಂಡಿತ್ಯ ಅವಳ ಕೈಬಿಡುತ್ತದೆ. ಅವಳಿಗೆ ಬೇಕಾದದ್ದು ಕರುಣೆಯ ಒಂದು ಕೈ. ಈ ಸುನೀತಕ್ಕೆ ಬಂದಿರುವ ವಿಮರ್ಶೆಗಳಲ್ಲಿ ಆ ನಾಟಕವನ್ನೂ ಒಂದೆಂದು ಎಣಿಸಬೇಕು.

ಕವಿಯ ಸ್ವಂತ ಸಾವು ಹೇಗಿತ್ತು? ೧೬೩೧ರ ಫೆಬ್ರವರಿ ತಿಂಗಳಲ್ಲಿ, ತೀರ ಕೃಶನಾಗಿದ್ದ ಡನ್ ವೈಟ್‌ಹಾಲ್ ಅರಮನೆಯಲ್ಲಿ ದೊರೆಯ ಮುಂದೆ ತನ್ನ ಕಡೆಯ ಪ್ರವಚನವನ್ನು ಮಾಡಿದನು. ಅವನು ತನ್ನ ಉತ್ತರಕ್ರಿಯೆಯ ಪ್ರವಚನವನ್ನು ತಾನೇ ಮಾಡಿಕೊಂಡನೆಂದು ಕೇಳಿದವರು ಆಡಿಕೊಂಡರಂತೆ. ಆಮೇಲೆ ಹೆಣದ ಬಟ್ಟೆಯನ್ನು ತೊಟ್ಟು, ಕಣ್ಣು ಮುಚ್ಚಿ ನಿಂತು ತನ್ನ ಚಿತ್ರವನ್ನು ಬರೆಯಿಸಿ, ಅದನ್ನು ಹಾಸಿಗೆಯ ಪಕ್ಕದಲ್ಲಿ ಇರಿಸಿಕೊಂಡನೆಂದು ಅವನ ಚರಿತ್ರೆಯನ್ನು ಬರೆದ ಐಸಾಕ್ ವಾಲ್ಟನ್ ಹೇಳುತ್ತಾನೆ. ಮಾರ್ಚಿ ೩೧ರಂದು ತೀರಿಕೊಂಡನು. ನಿಕೊಲಾಸ್ ಸ್ಟೋನ್ ಎಂಬ ಶಿಲ್ಪಿ ಕಡೆದ ಅವನ ಅಮೃತಶಿಲೆಯ ಪ್ರತಿಮೆ ಹೆಣದ ಬಟ್ಟೆಯಲ್ಲಿ ಒಂದು ಭಸ್ಮಪಾತ್ರೆಯ ಮೇಲೆ ನೆಟ್ಟಗೆ ನಿಂತಿದೆ. ಆ ಕಾಲದ ಇತರ ಸ್ಮಾರಕಮೂರ್ತಿಗಳು ಸಾಮಾನ್ಯವಾಗಿ ಮಲಗಿಯೋ ಮೊಣಕಾಲೂರಿಯೋ ಇರುತ್ತಿದ್ದವು. ೧೬೬೬ರ ಮಹಾಅಗ್ನಿಯಲ್ಲಿ ಹಳೆಯ ದೇವಾಲಯ ಸುಟ್ಟುಹೋದರೂ ಈ ಮೂರ್ತಿ ಉಳಿದು, ಈಗಲೂ ಹೊಸ ದೇವಾಲಯದಲ್ಲಿದೆ. ಪಶ್ಚಿಮದ ಬೂದಿಯಲ್ಲಿದ್ದರೂ ‘ಉದಯ’ವೆಂಬ ಹೆಸರುಳ್ಳವನ ಕಡೆಗೆ ನೋಡುತ್ತಿದ್ದಾನೆಂಬ ಅರ್ಥದ ಲ್ಯಾಟಿನ್ ಲೇಖವೂ ಅಲ್ಲಿದೆ. ಸ್ತೋತ್ರದ ಭೂಪಟ ಇಲ್ಲಿ ಕಲ್ಲಿನಲ್ಲಿ ಮೂಡಿದೆ. ಪುನರುತ್ಥಾನವೆಂದರೆ ಎದ್ದುನಿಲ್ಲುವುದು ಎಂಬ ಪದಾರ್ಥವನ್ನು ಆ ಶಿಲೆಯೂ ಹೇಳುತ್ತಿದೆ.

೮

ಇಷ್ಟೆಲ್ಲ ಹೇಳಿದಮೇಲೆ ಸುನೀತದ ಬೆಲೆಯನ್ನು ಕಟ್ಟಬೇಕು. ಶ್ರದ್ಧೆಯಿಲ್ಲದ ಓದುಗನನ್ನು ಗೆಲ್ಲುವ ಶಕ್ತಿ ಅದರ ವಾದಗಳಿಗೆ ಇಲ್ಲ. ಹನ್ನೆರಡನೆಯ ಸಾಲಿನಿಂದ ಹದಿಮೂರನೆಯದಕ್ಕೆ ಇರುವ ಹಾರಿಕೆಯನ್ನು ಓದುಗನು ಸ್ವಂತ ಕಾಲಿನಿಂದಲೇ ಹಾರಬೇಕು. ಆ ಮಟ್ಟಿಗೆ ಅದು ಅಪೂರ್ಣ. ಆದರೆ ಭಯದಿಂದ ಭರವಸೆಗೆ ಹೋಗುವ ಮನಸ್ಸಿನ ನಡೆಯನ್ನು ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟು ಪ್ರಾಮಾಣಿಕವಾಗಿ ಹಿಡಿದಿಟ್ಟ ಕವಿತೆಗಳು ವಿರಳ. ನಂಬದವನೂ ಆ ನಡೆಯನ್ನು ಅನುಭವಿಸಬಲ್ಲನು, ಅದು ಯಾವ ನಂಬಿಕೆಯ ನಡೆಯೆಂದು ತಿಳಿದಿದ್ದರೆ.

ಈ ತಿಳಿವಳಿಕೆ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮುಖ್ಯವಾಗಿ ಬೇಕು. ನಮ್ಮ ತರಗತಿಗಳಲ್ಲಿ ಹಲವು ಮತಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಕ್ರೈಸ್ತರ ಮನೆಯ ಹುಡುಗಿಯೊಬ್ಬಳು ಭಾನುವಾರ ಪ್ರಾರ್ಥನೆಯಲ್ಲಿ ಶರೀರದ ಪುನರುತ್ಥಾನವನ್ನು ನಂಬುತ್ತೇನೆಂದು ಹೇಳಿ, ಸೋಮವಾರ ಶಾಲೆಯಲ್ಲಿ ಅದೇ ನಂಬಿಕೆಯ ಕವಿತೆಗೆ ದೇಹ ಮಿಥ್ಯೆಯೆಂಬ ತಾತ್ಪರ್ಯವನ್ನು ಬರೆದುಕೊಳ್ಳುವಂತಾದರೆ, ಪಾಠದಲ್ಲಿ ಕೆಟ್ಟದ್ದು ಕವಿತೆ ಮಾತ್ರವಲ್ಲ. ಅವಳ ಪಕ್ಕದಲ್ಲಿ ಕುಳಿತವನಿಗೂ ನಷ್ಟವೇ. ತನ್ನದಲ್ಲದ ಒಂದು ಲೋಕವನ್ನು ನೋಡುವ ಅವಕಾಶ ತಪ್ಪಿ, ತನ್ನದನ್ನೇ ಇನ್ನೊಮ್ಮೆ ಕೇಳಿ ಎದ್ದುಹೋಗುತ್ತಾನೆ.

ಇದಕ್ಕೆ ದಾರಿ ತೋರಿದವರು ನಮ್ಮಲ್ಲಿಯೇ ಇದ್ದರು. ಮಂಜೇಶ್ವರದ ಗೋವಿಂದ ಪೈಗಳು (೧೮೮೩–೧೯೬೩) ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯದಲ್ಲಿಯೂ ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲಿಯೂ ಹಾಡಿದರು. ಇಬ್ಬರು ಮಹಾಪುರುಷರ ಸಾವುಗಳನ್ನು ಒಂದೇ ಕವಿ ಎರಡು ಬೇರೆ ಕಾವ್ಯಗಳಾಗಿ ಬರೆದರು. ಎರಡನ್ನೂ ಕಲಸಿ ಒಂದು ಮಾಡಲಿಲ್ಲ. ಶಿಲುಬೆಯ ಸಾವು ಶಿಲುಬೆಯದೇ, ಸಾಲವೃಕ್ಷಗಳ ಕೆಳಗಿನ ಪರಿನಿರ್ವಾಣ ಪರಿನಿರ್ವಾಣವೇ. ಡನ್ನನ ಸುನೀತವನ್ನು ಪಾಠ ಹೇಳುವ ಉಪಾಧ್ಯಾಯ ಬಂಧುಗಳು ಮೊದಲು ಕೊರಿಂಥದವರಿಗೆ ಬರೆದ ಪತ್ರಿಕೆಯ ಆ ಅಧ್ಯಾಯವನ್ನು ಕನ್ನಡದಲ್ಲಿ ಒಮ್ಮೆ ಓದಿಸಲಿ, ಏಳನೆಯ ಸುನೀತವನ್ನು ಜೊತೆಗಿಡಲಿ, ಆಮೇಲೆ ಬೇಕಾದರೆ ಕಠೋಪನಿಷತ್ತಿನ ನಚಿಕೇತನನ್ನು ಕರೆತಂದು ಹೋಲಿಸಲಿ. ವಿದ್ಯಾರ್ಥಿಗಳು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಎಲ್ಲಿ ಕೂಡುತ್ತವೆ ಎಲ್ಲಿ ಅಗಲುತ್ತವೆ ಎಂಬುದನ್ನು ತಾವೇ ಬರೆಯಲೆಂದು ನಮ್ಮ ಅರಿಕೆ.